ಬರ್ಫದ ಊರು, ಅಪ್ಪನ ಮೂರು ಪ್ರಶ್ನೆ

2011ರ ಫೆಬ್ರವರಿ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಸಂಜೆ ಆರು ಗಂಟೆ, ಜಮಖಂಡಿ ತಾಲ್ಲೂಕಿನ ಕೃಷ್ಣೆಯ ದಂಡೆಯಲ್ಲಿ ರಾತ್ರಿ ಹತ್ತೂವರೆ. ಮಗ ಕಂಪನಿಯ ಕೆಲಸ ಮುಗಿಸಿ ಮನೆಗೆ ಬಂದಿದ್ದ. ಅಪ್ಪ ತ್ರೀ ಫೇಸ್ ಕರೆಂಟು ಬರುವ ಹೊತ್ತಾಯಿತೆಂದು ಕಬ್ಬಿಗೆ ನೀರು ಹಾಯಿಸಲು ಹೊಲದಲ್ಲಿದ್ದ. ಇಬ್ಬರ ಕೈಯಲ್ಲೂ ಫೋನು.

“ಮೂರು ದಿನ ಸೂಟಿ ಐತಪ್ಪಾ. ಗುಡ್ಡದ ಮ್ಯಾಲಿನ ಊರಿಗೆ ಹೊಂಟೇವಿ. ಬರ್ಫದಾಗ ಜಾರೂದು, ಸಂಜೀಕ ಬಿಸಿನೀರಾಗ ಕುಂಡ್ರೂದು.”

“ಜಾರಾಕ ರೊಕ್ಕಾ ಕೊಡಬೇಕೇನು?”

“ಹೂಂ.”

“ಬಿದ್ರ?”

“ಬೀಳಲಾರದಂಗ ಕಲಸಾವಗೂ ರೊಕ್ಕಾ ಕೊಡಬೇಕು.”

ಆ ಕಡೆಯಿಂದ ಸ್ವಲ್ಪ ಹೊತ್ತು ಪಂಪ್‌ಸೆಟ್ಟಿನ ಸದ್ದಷ್ಟೇ ಕೇಳಿತು. ಅಪ್ಪ ಬೈಯಲಿಲ್ಲ, ನಗಲೂ ಇಲ್ಲ. ಮೂರು ಪ್ರಶ್ನೆ ಕೇಳಿದ. ಆ ಬಿಸಿನೀರು ಯಾರದು? ಅಲ್ಲಿ ದುಡಿಯೂ ಮಂದಿ ಎಲ್ಲಿಯವರು? ಬರ್ಫ ಕರಗಿದ ಮ್ಯಾಲೆ ಆ ಊರವರು ಏನು ಮಾಡತಾರ? “ಹೆಂಗೂ ಹೊಂಟೀಯಲ್ಲ, ಕೇಳ್ಕೊಂಡು ಬಾ” ಎಂದು ಫೋನಿಟ್ಟ.

ಹೊರಟವರು ಮೂವರು: ಆತ, ಆತನ ಹೆಂಡತಿ, ಅದೇ ಕಂಪನಿಯಲ್ಲಿದ್ದ ಮುಧೋಳದ ಗೆಳೆಯ. ಹೆಂಡತಿ ಬನಹಟ್ಟಿಯ ನೇಕಾರರ ಮನೆಯ ಮಗಳು. ಬಾಸೆಲ್‌ಗೆ ಬಂದ ಹೊಸದರಲ್ಲಿ ಆಕೆಗೆ ಆ ಊರು ಒಗ್ಗಿರಲಿಲ್ಲ. ಅಲ್ಲಿನ ದೊಡ್ಡ ಔಷಧ ಕಂಪನಿಗಳ ಮೂಲ ಬಣ್ಣದ ವ್ಯಾಪಾರದಲ್ಲಿದೆ, ರೇಷ್ಮೆ ರಿಬ್ಬನ್ ನೇಯುತ್ತಿದ್ದ ಊರಿಗೆ ಬಣ್ಣ ಬೇಕಾಗಿ ಆ ಉದ್ಯಮ ಹುಟ್ಟಿತು ಎಂದು ಯಾರೋ ಹೇಳಿದ ಮೇಲೆ ಆಕೆಯ ಮುಖ ಅರಳಿತು. “ಹಂಗಾರ ಇದೂ ಮಗ್ಗದ ಊರ ಅನ್ನು” ಎಂದಿದ್ದಳು. ಸ್ಕೀಗೆಂದು ಬಾಡಿಗೆಗೆ ತಂದ ಜಾಕೀಟನ್ನು ಆಕೆ ಮೊದಲು ಮೈಗೆ ಹಾಕಿಕೊಳ್ಳಲಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಬಟ್ಟೆ ಹಿಡಿದು ಉಜ್ಜಿ ನೋಡಿ, ಬೆಳಕಿಗೆ ಹಿಡಿದು, ನೇಯ್ಗೆ ಗಟ್ಟಿಯಿದೆ ಎಂದು ಸರ್ಟಿಫಿಕೇಟು ಕೊಟ್ಟ ನಂತರ ತೋಳಿಗೇರಿಸಿದಳು.

ಗೆಳೆಯನ ಹಟಕ್ಕೆ ದಾರಿಯಲ್ಲಿ ಬರ್ನ್‌ನಲ್ಲಿ ಇಳಿಯಬೇಕಾಯಿತು. ಅಲ್ಲಿನ ನಿಸರ್ಗ ಚರಿತ್ರೆಯ ಮ್ಯೂಸಿಯಮ್ಮಿನಲ್ಲಿ ಬ್ಯಾರಿ ಎಂಬ ನಾಯಿಯನ್ನು ಚರ್ಮ ಹದಮಾಡಿ ನಿಲ್ಲಿಸಿದ್ದಾರೆ. ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದಲ್ಲಿ ಸಾಕಿದ್ದ ಈ ನಾಯಿ 1800ರಿಂದ 1814ರವರೆಗೆ ಬದುಕಿತ್ತು. ಹಿಮದಲ್ಲಿ ಸಿಕ್ಕಿಬಿದ್ದ 40ಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಅದರ ಹೆಸರು. ಕೊರಳಿಗೆ ಬ್ರಾಂದಿಯ ಪೀಪಾಯಿ ಕಟ್ಟಿಕೊಂಡು ಓಡಾಡುತ್ತಿತ್ತು ಎನ್ನುವುದು ಚಿತ್ರಕಾರರು ಸೇರಿಸಿದ ಕತೆ. ಮುಧೋಳದವನು ಗಾಜಿನಾಚೆ ನಿಂತ ಆ ದಪ್ಪ ನಾಯಿಯನ್ನು ಸುತ್ತು ಹಾಕಿ ನೋಡಿದ. ನಮ್ಮದು ಸಪೂರ, ಗಾಳಿಯಂಗ ಓಡತೈತಿ. ಘೋರ್ಪಡೆ ರಾಜರು ಐದನೇ ಜಾರ್ಜ್ ದೊರೆಗೇ ಕಾಣಿಕೆ ಕೊಟ್ಟ ಜಾತಿ. 2005ರಲ್ಲಿ ಅಂಚೆ ಚೀಟಿ ಮ್ಯಾಲೆ ಬಂದೈತಿ ಎಂದು ಒಂದೊಂದೇ ಒಪ್ಪಿಸಿದ. ಪಕ್ಕದಲ್ಲಿ ನಿಂತಿದ್ದ ಸ್ವಿಸ್ ಹುಡುಗನಿಗೆ ಕನ್ನಡ ಬಾರದ ಕಾರಣ ಜಗಳವಾಗಲಿಲ್ಲ.

ಬರ್ನ್ ದಾಟಿದ ರೈಲು ಲೋಚ್‌ಬರ್ಗ್ ಸುರಂಗ ಹೊಕ್ಕಿತು. 34.6 ಕಿಲೋಮೀಟರ್ ಉದ್ದದ, 2007ರಲ್ಲಿ ತೆರೆದ ಈ ಸುರಂಗದ ಆಚೆಗೆ ವಾಲಿಸ್ ಪ್ರಾಂತ, ರೋನ್ ನದಿಯ ಕಣಿವೆ. ಲಾಯ್ಕ್ ಎಂಬ ಸ್ಟೇಷನ್ನಿನಲ್ಲಿ ಇಳಿದು ಬಸ್ ಹತ್ತಿದರೆ ತಿರುವು ತಿರುವಾಗಿ ಮೇಲೇರುವ ರಸ್ತೆ. ಹಿಂದೆ ಇಲ್ಲಿ ಹಲ್ಲುಗಾಲಿಯ ಪುಟ್ಟ ರೈಲು ಓಡುತ್ತಿತ್ತು, 1967ರಲ್ಲಿ ನಿಂತುಹೋಯಿತು. ಬಸ್ಸಿನ ಕೊನೆಯ ತಿರುವಿನಲ್ಲಿ ಮೂರು ದಿಕ್ಕಿಗೂ ಕಲ್ಲಿನ ಗೋಡೆ ಎದ್ದು ನಿಂತಿತು. ಆ ಗೋಡೆಗಳ ಬುಡದಲ್ಲಿ, 1,411 ಮೀಟರ್ ಎತ್ತರದಲ್ಲಿ, ಲಾಯ್ಕರ್‌ಬಾಡ್. ಬಾಡ್ ಎಂದರೆ ಜರ್ಮನ್‌ನಲ್ಲಿ ಸ್ನಾನ. ಹೆಸರಿನಲ್ಲೇ ಊರಿನ ಕಸುಬಿದೆ.

ಈ ಊರಿನ ನೆಲದಿಂದ ದಿನಕ್ಕೆ ಸುಮಾರು 39 ಲಕ್ಷ ಲೀಟರ್ ಬಿಸಿನೀರು ಉಕ್ಕುತ್ತದೆ. ಮುಖ್ಯ ಬುಗ್ಗೆಯ ಶಾಖ 51 ಡಿಗ್ರಿ. ಸುತ್ತಲಿನ ಬೆಟ್ಟಗಳ ಮೇಲೆ ಬಿದ್ದ ಮಳೆ, ಕರಗಿದ ಹಿಮ ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಭೂಮಿಯ ಕಾವಿಗೆ ಕಾದು, ದಶಕಗಳ ನಂತರ ಮತ್ತೆ ಮೇಲೆ ಬರುತ್ತದೆ. ಕೀಲುನೋವಿನವರು ಶತಮಾನಗಳಿಂದ ಇಲ್ಲಿಗೆ ಬರುತ್ತಿದ್ದಾರೆ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1880ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಪುಸ್ತಕದಲ್ಲಿ ಈ ಊರಿನ ಸ್ನಾನವನ್ನು ವರ್ಣಿಸಿದ್ದಾನೆ. ಗಂಡಸರು ಹೆಂಗಸರು ಒಂದೇ ತೊಟ್ಟಿಯಲ್ಲಿ ಎದೆಮಟ್ಟದ ನೀರಿನಲ್ಲಿ ಗಂಟೆಗಟ್ಟಲೆ ಕೂತು, ತೇಲುವ ಮೇಜುಗಳ ಮೇಲೆ ಊಟ ಮಾಡುತ್ತ, ಓದುತ್ತ, ಚದುರಂಗ ಆಡುತ್ತ ಇರುತ್ತಿದ್ದರಂತೆ.

ಮರುದಿನ ಬೆಳಗ್ಗೆ ಸ್ಕೀ ಪಾಠ. ಕಾಲಿಗೆ ಹಾಕಿದ ಬೂಟು ಕಬ್ಬಿಣದಷ್ಟು ಬಿರುಸು. ನಡೆದರೆ ಮುಂಗಾರಿನ ಎರೆಮಣ್ಣಿನಲ್ಲಿ ಕಾಲು ಹುಗಿದುಕೊಂಡು ನಡೆದ ಹಾಗೆ. ಮೇಲೆ ಒಯ್ಯಲು ನೆಲದಲ್ಲೇ ಒಂದು ಉರುಳುವ ಪಟ್ಟಿ ಇತ್ತು. ಅದರ ಮೇಲೆ ಸಾಲಾಗಿ ನಿಂತ ಜನರನ್ನು ಕಂಡು ಆತನಿಗೆ ಸಕ್ಕರೆ ಕಾರ್ಖಾನೆಯ ಕೇನ್ ಕ್ಯಾರಿಯರ್ ನೆನಪಾಯಿತು. ಕಬ್ಬು ಹೀಗೆಯೇ ಸುಮ್ಮನೆ ಮೇಲೇರಿ ಹೋಗುತ್ತದೆ, ಮುಂದೆ ಏನು ಕಾದಿದೆ ಎಂದು ಗೊತ್ತಿಲ್ಲದೆ.

ಮುಂದೆ ಕಾದಿದ್ದದ್ದು ಬೀಳುವುದು. ಬಲಕ್ಕೆ, ಎಡಕ್ಕೆ, ಕುಂಡೆಯ ಮೇಲೆ, ಮೊಳಕಾಲ ಮೇಲೆ, ಕೊನೆಗೆ ನಿಂತಲ್ಲೇ. ಐದು ವರ್ಷದ ಮಕ್ಕಳು ಕೋಲೂ ಇಲ್ಲದೆ ಪಕ್ಕದಿಂದ ಸುಯ್ಯನೆ ಜಾರಿಹೋಗುತ್ತಿದ್ದವು. ಐವತ್ತು ದಾಟಿದ ಮೇಷ್ಟ್ರು ಮಾತ್ರ ತಾಳ್ಮೆ ಕಳೆದುಕೊಳ್ಳಲಿಲ್ಲ. ಸ್ಕೀಯ ಎರಡು ಮೂತಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿ ನಿಂತರೆ ವೇಗ ತಗ್ಗುತ್ತದೆ. “ಪ್ಫ್ಲೂಗ್! ಪ್ಫ್ಲೂಗ್!” ಎಂದು ಆತ ಕೂಗುತ್ತಲೇ ಇದ್ದ. ವಿರಾಮದಲ್ಲಿ ಅರ್ಥ ಕೇಳಿದಾಗ ಇಂಗ್ಲಿಷಿನಲ್ಲಿ ಹೇಳಿದ: ನೇಗಿಲು.

ಜಮಖಂಡಿಯ ರೈತನ ಮಗ ಹಿಮದ ಮೇಲೆ ಕೂತು ನಕ್ಕಿದ್ದು ಆಗಲೇ. ನೇಗಿಲು ಹಿಡಿಯಬಾರದೆಂದು ಎಂಜಿನಿಯರಿಂಗ್ ಓದಿಸಿದರು. ಈಗ ಫ್ರಾಂಕುಗಳಲ್ಲಿ ಫೀಜು ಕೊಟ್ಟು ನೇಗಿಲು ಕಲಿಯುತ್ತಿದ್ದ. ಒಂದು ಫ್ರಾಂಕಿಗೆ ಆಗ ಹೆಚ್ಚೂಕಡಿಮೆ 48 ರೂಪಾಯಿ.

ಆಕೆ ಕಲಿತದ್ದು ಬೇರೆ ಬಗೆ. ಎರಡು ಸಲ ಬಿದ್ದಳು, ಮೂರನೇ ಸಲ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಲಗಾಲು ಒತ್ತಿ ಎಡಕ್ಕೆ, ಎಡಗಾಲು ಒತ್ತಿ ಬಲಕ್ಕೆ ತಿರುಗುತ್ತ ಇಳಿಯತೊಡಗಿದಳು. ಮೇಷ್ಟ್ರು ಆಶ್ಚರ್ಯದಿಂದ ಮೊದಲೇ ಕಲಿತಿದ್ದೀರಾ ಎಂದು ಕೇಳಿದ. ಕಲಿತಿದ್ದಳು, ಅಜ್ಜನ ಕುಣಿಮಗ್ಗದಲ್ಲಿ. ಈಗ ಬನಹಟ್ಟಿ, ರಬಕವಿಯ ಓಣಿಗಳಲ್ಲಿ ಹಗಲಿಡೀ ಕೇಳುವುದು ಪವರ್‌ಲೂಮಿನ ಖಟಖಟ. ಆದರೆ ಅಜ್ಜ ಕೊನೆಯವರೆಗೂ ಕುಣಿಯಲ್ಲಿ ಕಾಲಿಳಿಸಿ ಕೂತೇ ನೇಯ್ದವನು. ಶಾಲೆ ಬಿಟ್ಟು ಬಂದ ಮೊಮ್ಮಗಳು ಅವನ ಜಾಗದಲ್ಲಿ ಕೂತು, ಒಂದು ಕಾಲು ತುಳಿದಾಗ ಇನ್ನೊಂದು ಹಗುರ ಬಿಡುವುದನ್ನು ರೂಢಿ ಮಾಡಿಕೊಂಡಿದ್ದಳು. “ಕಾಲು ನೋಡಬಾರದು, ಮುಂದ ನೋಡಬೇಕು. ಕಾಲು ನೋಡಿದ್ರ ಎಳಿ ಹರೀತೈತಿ” ಎಂದು ಗಂಡನಿಗೆ ಪಾಠ ಹೇಳಿದಳು.

ಸಂಜೆ ಬುರ್ಗರ್‌ಬಾಡ್. ಊರವರ ಸ್ನಾನದ ಮನೆ ಎಂದು ಆ ಹೆಸರಿನ ಅರ್ಥ. ಬಯಲಿನಲ್ಲಿರುವ ಕೊಳಕ್ಕೆ ಇಳಿಯುವ ಮುನ್ನ ಹತ್ತು ಹೆಜ್ಜೆ ಬರಿಗಾಲಲ್ಲಿ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಓಡಬೇಕು. ಆಮೇಲೆ ಕುತ್ತಿಗೆಯವರೆಗೆ ಬಿಸಿನೀರು, ತಲೆಯ ಮೇಲೆ ಉದುರುವ ಹಿಮ. ಕೂದಲು ಗಡುಸಾಗಿ ನಿಂತಿತು. ಸುತ್ತಲೂ ಏಳುವ ಹಬೆಯಲ್ಲಿ ಎದುರಿನವರ ಮುಖ ಕಾಣಿಸುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಮುಧೋಳದವನು ಕಣ್ಣು ಮುಚ್ಚಿ, “ಗಾಣದಾಗ ಕುಂತಂಗ ಆಗೇತಿ” ಎಂದ. ಮೂವರಿಗೂ ಒಂದೇ ಚಿತ್ರ ಕಣ್ಮುಂದೆ ಬಂತು. ಮುಧೋಳ, ಮಹಾಲಿಂಗಪುರದ ಹೊಲಗಳಲ್ಲಿ ಜನವರಿಯ ನಸುಕು, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಒಲೆಗೆ ಸಿಪ್ಪೆ ನೂಕುವವನ ಕೆಂಪಡರಿದ ಮುಖ, ಹಬೆಯಾಚೆಯಿಂದ “ಬಿಸಿ ಬೆಲ್ಲ ತಿಂತಿಯೇನೋ” ಎನ್ನುವ ದನಿ. ಆ ಹಬೆಗೆ ಸಿಹಿ ವಾಸನೆಯಿತ್ತು. ಇದಕ್ಕೆ ಸುಣ್ಣದ ಕಲ್ಲಿನ ವಾಸನೆ.

ಅಪ್ಪನ ಎರಡನೇ ಪ್ರಶ್ನೆಗೆ ಉತ್ತರ ಮೊದಲು ಸಿಕ್ಕಿತು. ಹೋಟೆಲಿನ ಕೋಣೆ ಗುಡಿಸಲು ಬಂದ ಹೆಂಗಸು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗ, ಬೆಳಗಿನ ಐದಕ್ಕೆ ಮೆಟ್ಟಿಲ ಹಿಮ ಎತ್ತುವ ಗಂಡಸು, ಮೂವರೂ ಪೋರ್ಚುಗಲ್‌ನವರು. ವಾಲಿಸ್ ಪ್ರಾಂತದ ಬೆಟ್ಟದೂರುಗಳಿಗೆ ದುಡಿಮೆಗೆಂದು ಪೋರ್ಚುಗಲ್‌ನಿಂದ ಬರುವವರು ಬಹಳ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ‘ಸೀಜನ್’ ಎಂದು ಆ ಹೆಂಗಸು ಹೇಳಿದಳು. ಆತ ಆ ಪದಕ್ಕೆ ಬೆಚ್ಚಿದ. ಇದೇ ತಿಂಗಳುಗಳಲ್ಲಿ ಇದೇ ಪದ ಬಾಗಲಕೋಟೆ ಜಿಲ್ಲೆಯ ಬಾಯಲ್ಲೂ ಇರುತ್ತದೆ. ಕಾರ್ಖಾನೆಯ ಸೀಜನ್ ಸುರುವಾದೊಡನೆ ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಗ್ಯಾಂಗುಗಳು ಬರುತ್ತವೆ. ಮುಕಾದಮನ ಕೈಯಿಂದ ಮುಂಗಡ ಪಡೆದು, ಮಕ್ಕಳು ಮರಿ ಕಟ್ಟಿಕೊಂಡು, ಹೊಲದ ಬದುವಿನಲ್ಲಿ ಗುಡಿಸಲು ಹಾಕಿ ಕಬ್ಬು ಕಡಿಯುತ್ತವೆ. ಪೋರ್ಚುಗಲ್‌ನ ಹೆಂಗಸಿಗೆ ಸಂಬಳವಿತ್ತು, ಕಾಯಿಲೆಗೆ ವಿಮೆಯಿತ್ತು, ಬೆಚ್ಚಗಿನ ಕೋಣೆಯಿತ್ತು. ಎರಡು ವರ್ಷದ ಮಗ ಮಾತ್ರ ಊರಲ್ಲಿ ಅಜ್ಜಿಯ ಹತ್ತಿರ ಇದ್ದ.

ಮೂರನೆಯ ಪ್ರಶ್ನೆಗೆ ಮೇಷ್ಟ್ರೇ ಉತ್ತರವಾದ. ಚಳಿಗಾಲದಲ್ಲಿ ಸ್ಕೀ ಕಲಿಸುವ ಆತ ಬೇಸಿಗೆಯಲ್ಲಿ ಕುರಿಗಾರ. ಕಪ್ಪು ಮೂತಿಯ, ಸುರುಳಿ ಉಣ್ಣೆಯ ವಾಲಿಸ್ ಕುರಿಗಳು ಅವನವು. ಹಿಮ ಕರಗಿದ ಮೇಲೆ ಅವುಗಳನ್ನು ಗೆಮ್ಮಿ ಎಂಬ ಕಣಿವೆದಾರಿಯ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾನೆ. ಜುಲೈ ಕೊನೆಯಲ್ಲಿ ಅಲ್ಲಿನ ಕೆರೆಯ ದಂಡೆಯಲ್ಲಿ ಕುರಿಗಾರರ ಜಾತ್ರೆಯೇ ನೆರೆಯುತ್ತದೆ. ಅದೇ ಪ್ರಾಂತದಲ್ಲಿ ಎರಿಂಗರ್ ತಳಿಯ ಹಸುಗಳ ಕಾಳಗವೂ ಉಂಟು, ಗೆದ್ದ ಹಸುವಿಗೆ ರಾಣಿ ಪಟ್ಟ. ಇದನ್ನು ಕೇಳಿದ್ದೇ ಮುಧೋಳದವನು ಕುರ್ಚಿ ಎಳೆದುಕೊಂಡು ಕೂತ. ಟಗರಿನ ಕಾಳಗ, ತೆರಬಂಡಿ ಸ್ಪರ್ಧೆ, ಎತ್ತುಗಳ ಹೆಸರು, ಎಲ್ಲ ಹೊರಬಂತು. ಇಬ್ಬರೂ ಒಡಕು ಇಂಗ್ಲಿಷಿನಲ್ಲಿ ಕೊಂಬಿನ ಅಳತೆಗಳನ್ನು ಕೈಯಲ್ಲಿ ತೋರಿಸುತ್ತ ರಾತ್ರಿ ಹತ್ತರವರೆಗೆ ಮಾತಾಡಿದರು.

ಕೊನೆಯ ದಿನ ಕೇಬಲ್ ಕಾರಿನಲ್ಲಿ ಗೆಮ್ಮಿಗೆ ಹೋದರು. ಸುಮಾರು 2,350 ಮೀಟರ್ ಎತ್ತರ. ಮೇಲೆ ದೌಬೆನ್‌ಸೀ ಎಂಬ ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಜನ ಅದರ ಮೇಲೆ ನಡೆದು ಹೋಗುತ್ತಿದ್ದರು. ಆತನೂ ನಡೆದ. ಕಾಲ ಕೆಳಗೆ ಆಳದ ನೀರಿದೆ ಎಂಬುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಾಗುತ್ತಿರಲಿಲ್ಲ.

ಅಲ್ಲಿ ಆತನಿಗೆ ಅವ್ವನ ತವರೂರು ನೆನಪಾಯಿತು. ಅದು ಬೀಳಗಿ ತಾಲ್ಲೂಕಿನ ಹಳ್ಳಿ. ಆಲಮಟ್ಟಿಯ ಹಿನ್ನೀರು ಏರಿದಾಗ ಆ ಊರು ಮುಳುಗಿ, ಜನ ಪುನರ್ವಸತಿ ಕೇಂದ್ರ ಸೇರಿದರು. ಹೆರಕಲ್ ಸೇತುವೆಯ ಮೇಲೆ ಬಸ್ಸು ಹೋಗುವಾಗಲೆಲ್ಲ ಅವ್ವ ಕಿಟಕಿಯಿಂದ ಕೈಚಾಚಿ, ಅಲ್ಲಿ ನೋಡು, ಆ ನೀರಿನ ಬುಡಕ ನಮ್ಮ ಮನಿ ಕಟ್ಟಿ ಎನ್ನುತ್ತಿದ್ದಳು. ಚಿಕ್ಕಸಂಗಮದ ಆ ಹಿನ್ನೀರಿಗೆ ಈಗ ರಾಜಹಂಸಗಳು ಬರುತ್ತವೆ. ಫೋಟೊ ತೆಗೆಯಲು ದೊಡ್ಡ ಲೆನ್ಸುಗಳ ಜನವೂ ಬರುತ್ತದೆ. ಅವ್ವ ಹಕ್ಕಿಗಳನ್ನು ನೋಡಿ ಚೆಂದ ಅದಾವ ಅನ್ನುತ್ತಾಳೆ. ಆದರೆ ದಂಡೆಗಿಳಿದು ಒಂದು ಸಲವೂ ನಿಂತಿಲ್ಲ. ದೌಬೆನ್‌ಸೀಯ ನಡುಮಧ್ಯೆ ಆತನಿಗೂ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಲಾಯ್ಕರ್‌ಬಾಡ್‌ಗೂ ನೋವಿನ ಲೆಕ್ಕ ಇದೆ. 1719ರ ಜನವರಿಯಲ್ಲಿ ಹಿಮರಾಶಿ ಕುಸಿದು ಊರಿನ 50ಕ್ಕೂ ಹೆಚ್ಚು ಜನ ಸತ್ತರು. ಇನ್ನೊಂದು ಲೆಕ್ಕವನ್ನು ಆತ ಓದಿ ತಿಳಿದದ್ದು ವರ್ಷಗಳ ನಂತರ, ಬೆಂಗಳೂರಿಗೆ ಮರಳಿದ ಮೇಲೆ. 1951ರಲ್ಲಿ ಅಮೆರಿಕದ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ ಸ್ವಿಸ್ ಗೆಳೆಯನೊಬ್ಬನ ಮನೆತನದ ಕಟ್ಟಿಗೆಮನೆಯಲ್ಲಿರಲು ಇದೇ ಊರಿಗೆ ಬಂದಿದ್ದ. ಅದಕ್ಕೆ ಮುಂಚೆ ಆ ಊರು ಕಪ್ಪು ಮನುಷ್ಯನನ್ನು ಕಂಡಿರಲಿಲ್ಲ. ಮಕ್ಕಳು ಬೀದಿಯಲ್ಲಿ ಅವನ ಬಣ್ಣ ಹಿಡಿದು ಕೂಗುತ್ತಿದ್ದವು, ಕೆಲವರು ಕೂದಲು ಮುಟ್ಟಿ ನೋಡುತ್ತಿದ್ದರು. ತನ್ನ ಮೊದಲ ಕಾದಂಬರಿಯನ್ನು ಅವನು ಮುಗಿಸಿದ್ದು ಅಲ್ಲೇ. ಆ ಅನುಭವದ ಪ್ರಬಂಧ 1953ರಲ್ಲಿ ಅಚ್ಚಾಗಿ ಜಗತ್ತೆಲ್ಲ ಓದಿತು. ನೈಜೀರಿಯ ಮೂಲದ ಲೇಖಕ ಟೇಜು ಕೋಲ್ ಅದೇ ಜಾಡು ಹಿಡಿದು ಲಾಯ್ಕರ್‌ಬಾಡ್‌ಗೆ ಹೋಗಿ 2014ರಲ್ಲಿ ಬರೆದ. ಜಮಖಂಡಿಯವನು ಪುಸ್ತಕ ಕೆಳಗಿಟ್ಟು ತನ್ನ ಮೂರು ದಿನಗಳನ್ನು ಮತ್ತೆ ತಿರುವಿ ನೋಡಿದ. 2011ರಲ್ಲಿ ಮಕ್ಕಳು ಅವರನ್ನೂ ದಿಟ್ಟಿಸಿದ್ದುಂಟು, ಅದು ಬಿದ್ದದ್ದಕ್ಕೆ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಇಂಡಿಯಾ ಎಂದೊಡನೆ ಸಿನಿಮಾ ಶೂಟಿಂಗಿಗೆ ಬಂದಿರಾ ಎಂದು ಕೇಳಿದ್ದಳು. ಹಿಂದಿ ಸಿನಿಮಾದವರು ಆ ದೇಶದ ಹಿಮದಲ್ಲಿ ಅಷ್ಟು ಹಾಡು ಕುಣಿದಿದ್ದಾರೆ. ಹಣ ಕೊಟ್ಟು ಬಂದ ಪ್ರವಾಸಿಗೆ ಸಿಗುವ ನಗು ಬೇರೆ, ಚಳಿಗಾಲವಿಡೀ ಇರಲು ಬಂದ ಒಂಟಿ ಮನುಷ್ಯನಿಗೆ ಸಿಕ್ಕ ನೋಟ ಬೇರೆ ಎಂದು ಆತನಿಗೆ ಅನ್ನಿಸಿತು.

ಬಾಸೆಲ್‌ಗೆ ವಾಪಸಾದ ರಾತ್ರಿ ಅಪ್ಪನಿಗೆ ವರದಿ ಒಪ್ಪಿಸುವುದಿತ್ತು. ಎರಡು ಉತ್ತರ ಸುಲಭವಾಗಿ ಮುಗಿದವು. ನೀರು ಯಾರದು ಎಂಬುದಕ್ಕೆ ತುಸು ಹೊತ್ತು ಹಿಡಿಯಿತು. ಮೇಷ್ಟ್ರು ಆ ಕತೆಯನ್ನು ದನಿ ತಗ್ಗಿಸಿ ಹೇಳಿದ್ದ. ಎಂಬತ್ತು, ತೊಂಬತ್ತರ ದಶಕದಲ್ಲಿ ಊರಿನ ಆಡಳಿತವೇ ಸಾಲದ ಮೇಲೆ ಸಾಲ ತೆಗೆದು ಸ್ನಾನದ ಮನೆ, ಕ್ರೀಡಾಂಗಣ ಎಂದು ಕಟ್ಟುತ್ತ ಹೋಯಿತು. ಎರಡು ಸಾವಿರವೂ ಇಲ್ಲದ ಜನಸಂಖ್ಯೆಯ ಊರು 1998ರಲ್ಲಿ ದಿವಾಳಿ ಎದ್ದಾಗ ತಲೆಯ ಮೇಲಿದ್ದ ಸಾಲ 30 ಕೋಟಿ ಫ್ರಾಂಕಿಗೂ ಹೆಚ್ಚು. ಸಾಲ ಕೊಟ್ಟವರು ಪ್ರಾಂತದ ಸರ್ಕಾರ ತೀರಿಸಲಿ ಎಂದು ಕೋರ್ಟಿಗೆ ಹೋದರು. ಸರ್ಕಾರ ಹೊಣೆಯಲ್ಲ ಎಂದು 2003ರಲ್ಲಿ ಸ್ವಿಸ್ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು.

ಅಪ್ಪ ಎಲ್ಲ ಕೇಳಿಸಿಕೊಂಡು, “ಅಂದ್ರ ನೀರು ಭೂಮಿತಾಯಿದು, ತೊಟ್ಟಿ ಬ್ಯಾಂಕಿಂದು” ಎಂದ. ಆಮೇಲೆ ಆತ ಎಳೆದದ್ದು ತನ್ನ ಹಳೆಯ ಮಾತನ್ನು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ತೀರದ ರೈತರು ಸರ್ಕಾರಕ್ಕೆ ಕಾಯದೆ ವಂತಿಗೆ ಹಾಕಿ, ಶ್ರಮದಾನ ಮಾಡಿ ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಆ ಜಲಾಶಯಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಬ್ಯಾರೇಜಿನ ಹೆಸರೇ ಅವರಿಗೆ ಅಂಟಿತು, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಅಪ್ಪ ಆಗ ವಂತಿಗೆಯನ್ನೂ ಕೊಟ್ಟಿದ್ದ, ಮಣ್ಣನ್ನೂ ಹೊತ್ತಿದ್ದ. ಇಷ್ಟಾಗಿಯೂ ಬೇಸಿಗೆಯಲ್ಲಿ ಹೊಳೆ ಒಣಗಿದರೆ ಮಹಾರಾಷ್ಟ್ರದ ಕೊಯ್ನಾದಿಂದ ನೀರು ಬಿಡಿ ಎಂದು ಕೇಳಿಕೊಳ್ಳುವುದು ತಪ್ಪಿಲ್ಲ. 2005ರಲ್ಲಿ ಕಂಡಂತೆ ಮಳೆಗಾಲದಲ್ಲಿ ಅದೇ ಹೊಳೆ ಊರೊಳಗೆ ನುಗ್ಗುವುದೂ ತಪ್ಪಿಲ್ಲ.

“ಆ ಬರ್ಫ ಕರಗಿ ಎಲ್ಲಿಗೆ ಹೋಗತೈತಿ?” ಎಂದು ಅಪ್ಪ ಕೊನೆಗೆ ಕೇಳಿದ.

ದಾಲಾ ಎಂಬ ಹಳ್ಳಕ್ಕೆ, ಅಲ್ಲಿಂದ ರೋನ್ ನದಿಗೆ, ಜಿನೀವಾ ಸರೋವರಕ್ಕೆ, ಫ್ರಾನ್ಸಿಗೆ, ಮೆಡಿಟರೇನಿಯನ್ ಸಮುದ್ರಕ್ಕೆ ಎಂದು ಮಗ ಹೇಳಿದ.

“ಮ್ಯಾಲಿನವರು, ಕೆಳಗಿನವರು ಅಲ್ಲೂ ಅದಾರ ಹಂಗಾರ.”

ಆರು ವರ್ಷದ ನಂತರ, 2017ರ ಫೆಬ್ರವರಿಯಲ್ಲಿ, ಆತ ಅಪ್ಪ ಅವ್ವನನ್ನು ಮನಾಲಿಗೆ ಕರೆದುಕೊಂಡು ಹೋದ. ಹೆಂಡತಿಗೆ ಸೋಲಾಂಗ್ ಕಣಿವೆಯಲ್ಲಿ ಮತ್ತೆ ಸ್ಕೀ ಮಾಡುವ ಆಸೆ. ನಮ್ಮ ಕಡೆಯವರಿಗೆ ಹಿಮ ಹೇಳಿದ್ದಲ್ಲ ಎಂದು ಈಗ ಹೇಳುವ ಹಾಗೂ ಇಲ್ಲ: ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಪದಕ ಗೆದ್ದು ಬಂದಿದ್ದಾರೆ. ಬನಹಟ್ಟಿಯ ಮಗಳು ಸೋಲಾಂಗ್‌ನ ಇಳಿಜಾರಿನಲ್ಲಿ ಒಂದು ಸಲವೂ ಬೀಳಲಿಲ್ಲ. ಅವ್ವ ಮೈತುಂಬ ಕೌದಿ ಹೊದ್ದು ದೂರದಲ್ಲಿ ಕೂತು, ಸೊಸೆ ಕೆಳಗೆ ಬಂದಾಗಲೆಲ್ಲ ಉಸಿರು ಬಿಡುತ್ತಿದ್ದಳು.

ಸ್ಕೀ ಬೂಟು ಮುಟ್ಟುವುದಿಲ್ಲವೆಂದು ನಿರ್ಧರಿಸಿದ್ದ ಆತ ಅಪ್ಪನೊಂದಿಗೆ ವಶಿಷ್ಠ ಎಂಬ ಹಳ್ಳಿಗೆ ಹೋದ. ಮನಾಲಿಯಿಂದ ಸುಮಾರು ಮೂರು ಕಿಲೋಮೀಟರ್, ಬಿಯಾಸ್ ನದಿಯ ಆಚೆ. ಗುಡಿಯ ಪಕ್ಕದಲ್ಲೇ ಬಿಸಿನೀರಿನ ಬುಗ್ಗೆ, ಗಂಡಸರಿಗೊಂದು ಹೆಂಗಸರಿಗೊಂದು ಕಲ್ಲಿನ ಕೊಳ. ಸುತ್ತ ಹಿಮದ ಬೆಟ್ಟ, ಮೇಲೆ ಅದೇ ಹಬೆ. ಅಪ್ಪ ಧೋತರ ಕಳಚಿಟ್ಟು, ಚಡ್ಡಿಯಲ್ಲಿ ಮೆಲ್ಲಗೆ ಇಳಿದು, ಕುತ್ತಿಗೆಯವರೆಗೆ ಮುಳುಗಿ, ಬಹಳ ಹೊತ್ತು ಮಾತಿಲ್ಲದೆ ಕೂತ. ಆಮೇಲೆ ಕಣ್ಣು ತೆರೆದು ಕೇಳಿದ:

“ಇಲ್ಲಿ ಎಷ್ಟು ಕೊಟ್ಟಿ?”

“ಇಲ್ಲಿ ಪುಕ್ಕಟ ಅಪ್ಪಾ.”

“ಮತ್ತ ಅಲ್ಲಿ ಅಷ್ಟು ರೊಕ್ಕಾ ಯಾಕ ಸುರುವಿ ಬಂದಿ?” ಎಂದು ಅಪ್ಪ ಇನ್ನೊಂದು ಮುಳುಗು ಹಾಕಿದ.